ತಂತಿಗಿಂತ ಮೊದಲು ಚಿತ್ರ

ಹಲ್ಲು ಸಾಲು ಮಾಡುವ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಕಂಡಾಗ ಕೇಳುವ ಮೊದಲ ಪ್ರಶ್ನೆ, ‘ಮೇಡಂ, ಯಾವ ತಂತಿ ಚಲೋ?’ ಎಂಬುದು. ಮೂವತ್ತೆರಡು ವರ್ಷ ಇದೇ ಕೆಲಸ ಮಾಡಿ ಹೋದ ವರ್ಷ ನಿವೃತ್ತಳಾದ ನಾನು ಈ ಪ್ರಶ್ನೆಗೆ ಒಮ್ಮೆಯೂ ನೇರ ಉತ್ತರ ಕೊಟ್ಟಿಲ್ಲ. ಯಾವ ತಂತಿಯಾದರೂ ಹಲ್ಲನ್ನು ಎಳೆಯುತ್ತದೆ. ಎಳೆದು ಎಲ್ಲಿ ನಿಲ್ಲಿಸುತ್ತೀರಿ, ಅಲ್ಲಿ ಎಲುಬು ಇದೆಯೋ ಇಲ್ಲವೋ, ಅದನ್ನು ಕೇಳಿ ಎನ್ನುತ್ತೇನೆ. ಅವರು ತಲೆಯಾಡಿಸಿ ಮತ್ತೆ ತಂತಿಯ ಮಾತಿಗೇ ಬರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮನೆ ವಿಜಯಪುರದಲ್ಲಿ. ಸೋಮವಾರ, ಶನಿವಾರ ಅಲ್ಲಿಯೇ ಕೆಲಸ. ಮಂಗಳವಾರ ಇಂಡಿ, ಬುಧವಾರ ಸಿಂದಗಿ, ಗುರುವಾರ ಬಸವನ ಬಾಗೇವಾಡಿ, ಶುಕ್ರವಾರ ಮುದ್ದೇಬಿಹಾಳ. ಆ ನಾಲ್ಕು ಊರಿನ ಹಲ್ಲಿನ ಡಾಕ್ಟರುಗಳು ವಾರಕ್ಕೊಂದು ದಿನ ತಮ್ಮ ಕುರ್ಚಿ ನನಗೆ ಬಿಟ್ಟುಕೊಡುತ್ತಿದ್ದರು. ಒಂದು ತಗಡಿನ ಪೆಟ್ಟಿಗೆಯಲ್ಲಿ ಇಕ್ಕಳ, ತಂತಿ, ಪ್ಲಾಸ್ಟರಿನಲ್ಲಿ ತೆಗೆದ ಹಲ್ಲಿನ ಪಡಿಯಚ್ಚುಗಳು. ಎಕ್ಸ್‌ರೇ ಫಿಲ್ಮುಗಳು ಮಾತ್ರ ಮಡಚಿಕೊಳ್ಳಬಾರದೆಂದು ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕೂತು ಬರುತ್ತಿದ್ದವು.

ಕೆಳಗಿನ ಹಲ್ಲಿನ ಬಗ್ಗೆಯೇ ಯಾಕೆ ಬರೆಯುತ್ತಿದ್ದೇನೆಂದು ಮೊದಲು ಹೇಳಿಬಿಡುತ್ತೇನೆ. ಮೇಲಿನ ಹಲ್ಲುಗಳಿಗೆ ಹಿಂದೆ ಅಂಗಳದಷ್ಟು ಎಲುಬು ಇದೆ, ಸ್ವಲ್ಪ ಹೆಚ್ಚುಕಡಿಮೆಯಾದರೂ ಸಹಿಸಿಕೊಳ್ಳುತ್ತವೆ. ಕೆಳಗಿನ ಮುಂದಿನ ನಾಲ್ಕು ಹಲ್ಲು ಹಾಗಲ್ಲ. ಅವು ಹೊಲದ ಬದುವಿನ ಮೇಲೆ ಸಾಲಾಗಿ ನಿಂತವರ ಹಾಗೆ. ಮುಂದೆ ಒಂದು ಹೆಜ್ಜೆ ಇಟ್ಟರೂ ಕೆಳಗೆ, ಹಿಂದೆ ಇಟ್ಟರೂ ಕೆಳಗೆ. ಕನ್ನಡಿಯಲ್ಲಿ ನೋಡಿದರೆ ಇದೇನೂ ಗೊತ್ತಾಗುವುದಿಲ್ಲ.

ಇದನ್ನು ನನಗೆ ಕಲಿಸಿದವರು ಕಾಲೇಜಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದ ಇನಾಮದಾರ ಸರ್. ಗಿಡ್ಡ ಆಳು, ಯಾವಾಗಲೂ ಕಿವಿಯ ಮೇಲೊಂದು ಪೆನ್ಸಿಲ್. ಆಗ ಪಕ್ಕದಿಂದ ತೆಗೆದ ತಲೆಯ ಎಕ್ಸ್‌ರೇಯನ್ನು ಬೆಳಕಿನ ಪೆಟ್ಟಿಗೆಗೆ ಅಂಟಿಸಿ, ಮೇಲೊಂದು ಪಾರದರ್ಶಕ ಹಾಳೆ ಇಟ್ಟು, ದವಡೆಯ ಅಂಚು, ಹಲ್ಲಿನ ಬೇರು, ಗದ್ದದ ಆಕಾರ ಎಲ್ಲವನ್ನೂ ಪೆನ್ಸಿಲಿನಲ್ಲಿ ತಿದ್ದಬೇಕಿತ್ತು. ಆಮೇಲೆ ಕೋನಮಾಪಕ ಹಿಡಿದು, ಕೆಳಗಿನ ಮುಂದಿನ ಹಲ್ಲು ದವಡೆಯ ತಳಕ್ಕೆ ಎಷ್ಟು ಡಿಗ್ರಿಯಲ್ಲಿ ನಿಂತಿದೆ ಎಂದು ಅಳೆಯುವುದು. ತೊಂಬತ್ತರ ಆಸುಪಾಸಿನಲ್ಲಿದ್ದರೆ ಸರಿ. ಸರ್ ಒಂದೇ ಫಿಲ್ಮನ್ನು ಮೂರು ದಿನ, ದಿನಕ್ಕೊಂದು ಸಲ ತಿದ್ದಿಸುತ್ತಿದ್ದರು. ಮೂರೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿಯುತ್ತಿದ್ದರು. ಗೆರೆಗಳು ಒಂದಕ್ಕೊಂದು ಕೂಡದಿದ್ದರೆ ಹಾಳೆ ವಾಪಸು ಬರುತ್ತಿತ್ತು.

‘ಏನ್ ಸುನಂದಾ, ಮೂರು ದಿನದಾಗ ಈ ಮನಷ್ಯಾನ ಗದ್ದ ಮೂರು ನಮೂನಿ ಆತೇನ?’ ಎಂದು ಎಲ್ಲರೆದುರು ಕೇಳುತ್ತಿದ್ದರು. ಆಮೇಲೆ ತಾವೇ ಸ್ಟೂಲು ಎಳೆದುಕೊಂಡು ಕೂತು, ‘ನೋಡವಾ, ಹಲ್ಲು ನಿನ್ನ ಮಾತು ಕೇಳತೈತಿ, ದೂಡಿದಲ್ಲಿ ಹೋಗತೈತಿ. ಎಲುಬು ಕೇಳಂಗಿಲ್ಲ. ಅದರ ಮಾತು ನೀನ ಕೇಳಬೇಕು’ ಎನ್ನುತ್ತಿದ್ದರು.

ಪರೀಕ್ಷೆಯಲ್ಲಿ ಈ ಮಾತನ್ನು ಬರೆದು ಒಳ್ಳೆಯ ಅಂಕ ತೆಗೆದುಕೊಂಡೆ. ಕೆಲಸಕ್ಕೆ ಇಳಿದ ಎರಡನೇ ವರ್ಷ ಇಂಡಿಯಲ್ಲಿ ಅದನ್ನೇ ಮರೆತೆ.

ರೇಣುಕಾ ಹೊರ್ತಿಯ ಹುಡುಗಿ, ನಿಂಬೆ ತೋಟದವರ ಮನೆಯ ಮಗಳು, ಪಿಯುಸಿ ಓದುತ್ತಿದ್ದಳು. ಕೆಳಗಿನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಏರಿ ಕೂತಿದ್ದವು. ತಾಯಿ ಗುರುಬಾಯಿ ಮಾತಿನಲ್ಲಿ ಗಟ್ಟಿಗಿತ್ತಿ. ತಲೆಯ ಎಕ್ಸ್‌ರೇ ತೆಗೆಯುವ ಯಂತ್ರ ಇಂಡಿಯಲ್ಲಿರಲಿಲ್ಲ, ವಿಜಯಪುರಕ್ಕೆ ಹೋಗಬೇಕಿತ್ತು. ‘ಒಂದು ಪೂರಾ ದಿನ ಹೋಗತೈತ್ರಿ ಬಾಯಾರ. ಹಲ್ಲು ಕಣ್ಣಿಗೆ ಕಾಣಾಕತ್ತಾವಲ್ಲ, ಮತ್ತ ಫೋಟೋ ಯಾಕ್ರಿ?’ ಎಂದು ಗುರುಬಾಯಿ ಕೇಳಿದರು. ನಾನು ಪಡಿಯಚ್ಚು ನೋಡಿದೆ, ಬೆರಳಿನಿಂದ ವಸಡು ಒತ್ತಿ ನೋಡಿದೆ. ಇಷ್ಟು ಸಣ್ಣ ಕೆಲಸಕ್ಕೆ ಅವರನ್ನು ಯಾಕೆ ಓಡಾಡಿಸಬೇಕು ಎನ್ನಿಸಿತು. ತಂತಿ ಕಟ್ಟಿದೆ.

ಐದೇ ತಿಂಗಳಲ್ಲಿ ಹಲ್ಲುಗಳು ಗೆರೆ ಎಳೆದಂತೆ ಸಾಲಾದವು. ಇಂಡಿಯ ಡಾಕ್ಟರು ಬೇರೆ ಪೇಷಂಟುಗಳನ್ನು ಕರೆದು ರೇಣುಕಾಳ ಬಾಯಿ ತೋರಿಸುತ್ತಿದ್ದರು. ನಾನೂ ಉಬ್ಬಿಹೋಗಿದ್ದೆ. ಎಂಟನೇ ತಿಂಗಳು ರೇಣುಕಾ ಕುರ್ಚಿಯಲ್ಲಿ ಕೂತು, ‘ಮೇಡಂರಿ, ಈ ಒಂದ ಹಲ್ಲು ಉದ್ದ ಆಗಾಕತ್ತೈತಿ’ ಎಂದಳು. ತುಟಿ ಸರಿಸಿ ನೋಡಿದೆ. ಹಲ್ಲು ಉದ್ದವಾಗಿರಲಿಲ್ಲ, ವಸಡು ಕೆಳಗಿಳಿದಿತ್ತು. ಬೇರಿನ ಹಳದಿ ಬಣ್ಣ ಅರ್ಧ ಉಗುರಿನಷ್ಟು ಹೊರಗೆ ಕಾಣುತ್ತಿತ್ತು.

ಆಗ ಕಳಿಸಿದೆ ವಿಜಯಪುರಕ್ಕೆ. ಚಿತ್ರ ಬಂತು. ಕೋನ ಅಳೆದರೆ ನೂರಾ ಎಂಟು. ಜಾಗ ಸಾಲದೆ ಒತ್ತಿಕೊಂಡಿದ್ದ ಹಲ್ಲುಗಳನ್ನು ನಾನು ಸಾಲು ಮಾಡಿರಲಿಲ್ಲ, ಎಲ್ಲವನ್ನೂ ತುಟಿಯ ಕಡೆಗೆ ವಾಲಿಸಿದ್ದೆ. ಮುಂದಿನ ಎಲುಬು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿತ್ತು. ಆ ಒಂದು ಹಲ್ಲಿನ ಮುಂದೆ ಅದೂ ಇರಲಿಲ್ಲ.

ಫಿಲ್ಮು ಹಿಡಿದುಕೊಂಡು ಇನಾಮದಾರ ಸರ್ ಹತ್ತಿರ ಹೋದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ‘ಇದು ಯಾವಾಗ ತಗದದ್ದು?’ ಎಂದರು. ಈಗ ಎಂದೆ. ‘ಮೊದಲಿಂದು?’ ಇಲ್ಲ ಎಂದೆ. ಅವರು ಫಿಲ್ಮನ್ನು ಲಕೋಟೆಗೆ ಹಾಕಿ ನನ್ನ ಕೈಗಿಟ್ಟು, ‘ಉಪಾಯ ಆಮ್ಯಾಗ ಹೇಳ್ತೇನಿ. ಮೊದಲ ಹೋಗಿ ಆ ತಾಯಿಗೆ ಖರೆ ಹೇಳಿ ಬಾ’ ಎಂದರು.

ಮುಂದಿನ ಮಂಗಳವಾರ ಗುರುಬಾಯಿಯನ್ನು ಒಳಗೆ ಕರೆದು ಎಲ್ಲ ಹೇಳಿದೆ. ಚಿತ್ರ ತೆಗೆಸದೆ ಕೆಲಸ ಶುರು ಮಾಡಿದ್ದು ನನ್ನ ತಪ್ಪು ಎಂದೆ. ಅವರು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡರು.

‘ಫೋಟೋ ಬ್ಯಾಡ ಅಂದಾಕಿ ನಾನರಿ’ ಎಂದರು.

‘ನೀವು ಬ್ಯಾಡ ಅಂದ್ರಿ, ಆದ್ರ ಬೇಕಂತ ಗೊತ್ತಿದ್ದಾಕಿ ನಾನಲ್ಲರಿ?’

‘ಅದೂ ಖರೇನ.’ ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚುತ್ತ, ‘ತಪ್ಪು ನಂದು ಅಂತ ಬಾಯಿಬಿಟ್ಟು ಹೇಳಿದ ಡಾಕ್ಟರನ್ನ ನಾ ಇನ್ನೂ ನೋಡಿದ್ದಿಲ್ಲ. ಈಗ ಸರಿನೂ ನೀವ ಮಾಡ್ರಿ. ನಾ ಮಗಳನ್ನ ಮತ್ತೊಬ್ಬರ ಕಡೆ ಒಯ್ಯಂಗಿಲ್ಲ’ ಎಂದರು.

ಸರ್ ಜೊತೆ ಕೂತು ಹೊಸ ಯೋಜನೆ ಮಾಡಿದೆ. ಬೇರು ಹೊರಬಿದ್ದ ಆ ಒಂದು ಹಲ್ಲನ್ನೇ ತೆಗೆಯುವುದು, ಆ ಜಾಗದಲ್ಲಿ ಉಳಿದ ಮೂರನ್ನು ಎಲುಬಿನ ನಡುವಿಗೆ ಹಿಂದಕ್ಕೆ ತರುವುದು. ನಾಲ್ಕು ತಿಂಗಳಿಗೊಮ್ಮೆ ಗುರುಬಾಯಿ ತಾವೇ ಮಗಳನ್ನು ಎಕ್ಸ್‌ರೇಗೆ ಕರೆದೊಯ್ದರು. ಹದಿನಾಲ್ಕು ತಿಂಗಳ ಮೇಲೆ ಕೋನ ತೊಂಬತ್ತಮೂರಕ್ಕೆ ಬಂದು ನಿಂತಿತು. ಮುಂದೆ ನಾಲ್ಕರ ಬದಲು ಮೂರೇ ಹಲ್ಲಿದೆ ಎಂದು ಎಣಿಸಿದವರಿಗಷ್ಟೇ ಗೊತ್ತು. ತಂತಿ ಬಿಚ್ಚಿದ ದಿನ ಗುರುಬಾಯಿ ಒಂದು ಚೀಲ ನಿಂಬೆಹಣ್ಣು ತಂದು ನನ್ನ ಪೆಟ್ಟಿಗೆಯ ಪಕ್ಕ ಇಟ್ಟು, ‘ಇನ್ನ ಫೋಟೋ ಇಲ್ಲದ ಯಾರ ಬಾಯಾಗೂ ಕೈ ಹಾಕಬ್ಯಾಡ್ರಿ’ ಎಂದು ಹೇಳಿಹೋದರು.

ಹಾಕಲಿಲ್ಲ. ಆದರೆ ಉಳಿದವರನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಸಿಂದಗಿಯಲ್ಲಿ ಮಲ್ಲಪ್ಪಜ್ಜ ಎಂಬವರು ಮೊಮ್ಮಗಳನ್ನು ಕರೆತಂದಿದ್ದರು. ಊರಿನ ಹಳೆಯ ಬಡಗಿ. ‘ಹಲ್ಲು ಬಾಯಾಗ ಅದಾವು. ತಲಿ ಫೋಟೋ ಹೊಡಸಿ ತಲ್ಯಾಗ ಏನ್ ಹುಡಕ್ತೀರಿ?’ ಎಂದು ಬೆಂಚಿನ ಮೇಲೆ ಕೂತವರೆಲ್ಲ ನಗುವಂತೆ ಕೇಳಿದರು. ಆ ದಿನ ಕರೆಂಟು ಹೋಗಿತ್ತು. ನಾನು ಬೇರೊಬ್ಬರ ಹಳೆಯ ಫಿಲ್ಮನ್ನು ಬಿಸಿಲು ಬೀಳುತ್ತಿದ್ದ ಕಿಟಕಿಯ ಗಾಜಿಗೆ ಅಂಟಿಸಿ, ಮೇಲೆ ಹಾಳೆ ಇಟ್ಟು ಹಲ್ಲು, ಬೇರು, ಎಲುಬಿನ ಅಂಚು ಒಂದೊಂದಾಗಿ ತಿದ್ದಿ ತೋರಿಸಿದೆ. ಅಜ್ಜ ಕನ್ನಡಕ ಏರಿಸಿ ಹತ್ತಿರ ಬಂದರು. ಗೆರೆಯ ಮೇಲೆ ಉಗುರು ಓಡಿಸಿದರು.

‘ಹಂಗಂದ್ರ ಮೊಳಿ ಹಲಗಿ ಅಂಚಿಗೆ ಬಿದ್ರ ಹಲಗಿ ಸೀಳತೈತಿ. ಅದನ್ನ ಹೇಳಾಕತ್ತೀರಿ ಹೌದಿಲ್ಲೋ?’

‘ಅದನ್ನರಿ ಅಜ್ಜಾರ.’

‘ಮತ್ತ ಮೊದಲ ಹಂಗ ಹೇಳಬೇಕಿಲ್ಲೇನವಾ!’ ಎಂದು ಬೆಂಚಿನ ಕಡೆ ತಿರುಗಿ, ‘ಏ, ಎಲ್ಲಾರೂ ಹೋಗಿ ಹೊಡಸ್ಕೊಂಡ ಬರ್ರಿ. ಡಾಕ್ಟರಬಾಯಿ ಹಲಗಿ ದಪ್ಪ ನೋಡಾಕತ್ತಾರ’ ಎಂದರು. ಸಿಂದಗಿಯಲ್ಲಿ ಆಮೇಲೆ ನಾನು ಯಾರಿಗೂ ವಿವರಿಸುವ ಪ್ರಸಂಗ ಬರಲಿಲ್ಲ. ಎಕ್ಸ್‌ರೇಗೆ ಕಳಿಸುತ್ತೇನೆ ಎಂದರೆ, ‘ಹಲಗಿ ದಪ್ಪ ನೋಡಾಕ ಅಲ್ಲರಿ?’ ಎಂದು ಅವರೇ ಕೇಳುತ್ತಿದ್ದರು.

ಎದುರಿನಿಂದ ತೆಗೆದ ಚಪ್ಪಟೆ ಚಿತ್ರಕ್ಕೆ ಬೇರೊಂದು ಕೊರತೆಯಿದೆ. ಹಲ್ಲು ಎಷ್ಟು ಎತ್ತರದಲ್ಲಿದೆ, ಎಷ್ಟು ವಾಲಿದೆ ಎಂದು ಅದು ಹೇಳುತ್ತದೆ. ಎಲುಬಿನೊಳಗೆ ಹುದುಗಿದ ಹಲ್ಲು ತುಟಿಯ ಕಡೆಗಿದೆಯೋ ನಾಲಿಗೆಯ ಕಡೆಗಿದೆಯೋ ಎಂದು ಹೇಳುವುದಿಲ್ಲ. ಬಸವನ ಬಾಗೇವಾಡಿಯ ಹದಿನಾಲ್ಕು ವರ್ಷದ ಭಾಗ್ಯಾಗೆ ಕೆಳಗಿನ ಒಂದು ಕೋರೆಹಲ್ಲು ಹುಟ್ಟಿಯೇ ಇರಲಿಲ್ಲ. ಚಿತ್ರದಲ್ಲಿ ಅದು ಮುಂದಿನ ಹಲ್ಲುಗಳ ಬೇರಿನ ಕೆಳಗೆ ಓರೆಯಾಗಿ ಮಲಗಿತ್ತು. ಇಬ್ಬರು ಡಾಕ್ಟರು ಕೊರೆದು ತೆಗೆದುಬಿಡಿ ಎಂದಿದ್ದರು. ತಾಯಿ ಅಂಗನವಾಡಿ ಕಾರ್ಯಕರ್ತೆ. ‘ದೇವರು ಕೊಟ್ಟ ಹಲ್ಲು ಒಳಗ ಐತಿ ಅಂತೀರಿ, ಅದನ್ನ ಒಗದು ಹೊರಗಿಂದು ಹಚ್ಚತೇವಿ ಅಂತೀರಿ. ಇದ್ಯಾವ ನ್ಯಾಯರೀ?’ ಎಂದು ಕೇಳಿದರು. ನನಗೂ ಅದು ನ್ಯಾಯವೆನ್ನಿಸಲಿಲ್ಲ.

ಆಗ ನಮಗಿದ್ದ ಉಪಾಯ ಒಂದೇ. ಒಂದು ಸಣ್ಣ ಎಕ್ಸ್‌ರೇ ನೇರವಾಗಿ, ಇನ್ನೊಂದು ಯಂತ್ರದ ಕೊಳವೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ತೆಗೆಯುವುದು. ಬಸ್ಸಿನ ಕಿಟಕಿಯಿಂದ ನೋಡುವಾಗ ಹತ್ತಿರದ ಕಂಬ ಹಿಂದಕ್ಕೆ ಓಡುತ್ತದೆ, ದೂರದ ಗುಡ್ಡ ನಮ್ಮ ಜೊತೆಗೇ ಬರುತ್ತದೆ. ಹಾಗೆಯೇ ತುಟಿಯ ಕಡೆಗಿರುವ ಹಲ್ಲು ಕೊಳವೆಗೆ ಎದುರು ದಿಕ್ಕಿಗೆ ಸರಿದಂತೆ ಕಾಣುತ್ತದೆ, ನಾಲಿಗೆಯ ಕಡೆಯದು ಕೊಳವೆಯ ಜೊತೆಗೇ ಸರಿಯುತ್ತದೆ. ಎರಡು ಫಿಲ್ಮನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಕೋರೆಹಲ್ಲು ಕಂಬದ ಹಾಗೆ ಹಿಂದಕ್ಕೆ ಓಡಿತ್ತು. ಅಂದರೆ ತುಟಿಯ ಕಡೆಗಿದೆ. ಬೇರುಗಳಿಗೆ ತಾಗದಂತೆ ಹೊರಗಿನಿಂದಲೇ ಎಳೆಯಲು ದಾರಿಯಿದೆ.

ಶಸ್ತ್ರಚಿಕಿತ್ಸಕರು ವಸಡು ತೆರೆದು ಹಲ್ಲಿನ ತುದಿಗೆ ಗುಂಡಿಯಷ್ಟು ಸಣ್ಣ ಲೋಹದ ಚೂರು ಅಂಟಿಸಿ ಅದಕ್ಕೊಂದು ಸರಪಳಿ ಜೋಡಿಸಿದರು. ಹಲ್ಲು ನಾನು ಹೇಳಿದ ಜಾಗದಲ್ಲೇ ಇತ್ತು. ಸರಪಳಿಯನ್ನು ತಿಂಗಳಿಗೆ ಒಂದು ಮಿಲಿಮೀಟರಿನಷ್ಟೂ ಎಳೆಯುತ್ತಿರಲಿಲ್ಲ. ಏಳು ತಿಂಗಳು ಏನೂ ಕಾಣಲಿಲ್ಲ. ಒಂದು ಗುರುವಾರ ನಾನು ಇನ್ನೂ ಬಸ್ಸಿನಿಂದ ಇಳಿದಿರಲಿಲ್ಲ, ತಾಯಿ ಮಗಳು ಸ್ಟ್ಯಾಂಡಿಗೇ ಬಂದಿದ್ದರು. ಭಾಗ್ಯಾ ಅಷ್ಟು ಜನರ ನಡುವೆ ಬಾಯಿ ಅಗಲಿಸಿ ನಿಂತಳು. ವಸಡಿನಲ್ಲಿ ಜೋಳದ ಕಾಳಿನಷ್ಟು ಬಿಳುಪು. ಕಂಡಕ್ಟರ್ ಕೂಡ ಬಗ್ಗಿ ನೋಡಿ, ‘ಏನಾತ್ರಿ?’ ಎಂದ. ‘ಹುಟ್ಟೇತ್ರಿ!’ ಎಂದರು ಆ ತಾಯಿ, ಯಾರದೋ ಮನೆಯಲ್ಲಿ ಕೂಸು ಹುಟ್ಟಿದ ಸುದ್ದಿ ಹೇಳುವ ಹಾಗೆ.

ಆಮೇಲೆ ಕಂಪ್ಯೂಟರ್ ಬಂತು. ನಾನು ಸುಲಭಕ್ಕೆ ಬಗ್ಗಲಿಲ್ಲ. ನನ್ನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಡಾಕ್ಟರ್ ಸಹನಾ ಪರದೆಯ ಮೇಲೆ ಚುಕ್ಕಿ ಇಟ್ಟು ಐದು ನಿಮಿಷಕ್ಕೆ ಲೆಕ್ಕ ಮುಗಿಸುತ್ತಿದ್ದಳು. ನಾನು ಪೆನ್ಸಿಲ್ ಹಿಡಿದು ಮುಕ್ಕಾಲು ಗಂಟೆ ಕೂರುತ್ತಿದ್ದೆ. ಒಂದು ಶನಿವಾರ ಇಬ್ಬರೂ ಒಂದೇ ಚಿತ್ರ ಅಳೆದೆವು. ಎರಡು ಡಿಗ್ರಿ ವ್ಯತ್ಯಾಸ ಬಂತು. ‘ನಿನ್ನ ಯಂತ್ರ ತಪ್ಪೈತಿ’ ಎಂದೆ. ಅವಳು ಚಿತ್ರವನ್ನು ಪರದೆಯ ತುಂಬ ದೊಡ್ಡದು ಮಾಡಿದಳು. ಬೇರಿನ ತುದಿ ಎಂದು ನಾನು ಗುರುತಿಸಿದ್ದು ಪಕ್ಕದ ಹಲ್ಲಿನದಾಗಿತ್ತು. ‘ಆತು ಬಿಡವಾ, ಸೋತೆ. ಕಲಿಸು’ ಎಂದೆ. ಐವತ್ತು ದಾಟಿದ ಮೇಲೆ ಶಿಷ್ಯಳ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಕಲಿತದ್ದು ನನಗೆ ಬಹಳ ಉಪಯೋಗಕ್ಕೆ ಬಂತು.

ಅದರ ಹಿಂದೆಯೇ ವಿಜಯಪುರಕ್ಕೆ ಮೂರು ಆಯಾಮದ ಸ್ಕ್ಯಾನ್ ಬಂತು. ಗಜ್ಜರಿಯನ್ನು ಹೋಳು ಹೋಳಾಗಿ ಹೆಚ್ಚಿ ನೋಡಿದಂತೆ ಒಂದೊಂದು ಹಲ್ಲನ್ನೂ ಅದರ ಹಿಂದುಮುಂದಿನ ಎಲುಬಿನ ಸಮೇತ ನೋಡಬಹುದಾಯಿತು. ಮೊದಲ ಸಲ ನೋಡಿದ ದಿನ ಸಹನಾಗೆ ಹೋಳುಗಳನ್ನು ಮತ್ತೆ ಮತ್ತೆ ತೋರಿಸಲು ಹೇಳಿದೆ. ಇಷ್ಟು ವರ್ಷ ಗೋಡೆಯ ಆಚೆ ನಿಂತು ಊಹಿಸುತ್ತಿದ್ದ ಮನೆಯೊಳಗೆ ಯಾರೋ ಕೈಹಿಡಿದು ಕರೆದೊಯ್ದಂತಾಗಿತ್ತು. ಆದರೆ ಹೊಸಬರೇ, ಇದು ಎಲ್ಲರಿಗೂ ಬೇಕಾದ ಚಿತ್ರವಲ್ಲ. ವಿಕಿರಣ ಹೆಚ್ಚು, ಅದರಲ್ಲೂ ಬೆಳೆಯುವ ಮಕ್ಕಳಿಗೆ ಬಹಳ ಯೋಚಿಸಿ ಬರೆದುಕೊಡಬೇಕು. ಚಿತ್ರಕ್ಕೆ ಕೇಳುವ ಪ್ರಶ್ನೆ ನಿಮ್ಮ ಬಳಿ ಇರದಿದ್ದರೆ ಕಳಿಸಬೇಡಿ. ಕೂದಲೆಳೆಯಷ್ಟು ತೆಳ್ಳಗಿನ ಎಲುಬು ಆ ಯಂತ್ರಕ್ಕೂ ಕಾಣದೆ ಹೋಗಬಹುದು, ಅದನ್ನೂ ನೆನಪಿಡಿ.

ಪ್ರಶ್ನೆ ಇಟ್ಟುಕೊಂಡೇ ಬಂದವನು ಮುದ್ದೇಬಿಹಾಳದ ಯಲ್ಲಪ್ಪ. ನಾನು ನಿವೃತ್ತಿಯಾಗಲು ಎರಡು ವರ್ಷವಿತ್ತು. ಮೂವತ್ತೈದರ ಆಸುಪಾಸಿನ ವಯಸ್ಸು, ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವವನು. ಸುತ್ತಲಿನ ಮದುವೆಗಳಿಗೆ ಅವನು ಬೇಕೇ ಬೇಕು. ಹೆಂಡತಿ ನೀಲವ್ವನ ಜೊತೆ ಬಂದು ಕುರ್ಚಿಯ ಮೇಲೆ ಕೂತು, ಕೆಳತುಟಿ ಮಡಚಿ ಒಳಭಾಗ ತೋರಿಸಿದ. ಅಲ್ಲೊಂದು ಹಸಿ ಗಾಯ, ಸುತ್ತ ಹಳೆಯ ಗಾಯದ ಗಂಟು. ಕ್ಲಾರಿನೆಟ್ ನುಡಿಸುವವರು ಕೆಳತುಟಿಯನ್ನು ಕೆಳಗಿನ ಹಲ್ಲಿನ ಮೇಲೆ ಮಡಚಿ, ಅದರ ಮೇಲೆ ವಾದ್ಯ ಇಟ್ಟು ಒತ್ತುತ್ತಾರೆ. ಇವನ ಕೆಳಗಿನ ಹಲ್ಲೊಂದು ತಿರುಗಿ, ಅದರ ಚೂಪು ಅಂಚು ತುಟಿಗೆ ನೆಡುತ್ತಿತ್ತು.

‘ಎರಡು ಹಾಡಿಗೆ ಬಾಯಿ ತುಂಬ ರಕ್ತರಿ’ ಎಂದ. ‘ಒಬ್ಬರು ನಾಕೂ ಕಿತ್ತು ಹಲ್ಲಿನ ಸೆಟ್ ಹಾಕ್ತೇವಿ ಅಂದ್ರು. ಹಾಕಿದ ಹಲ್ಲಿನ ಮ್ಯಾಲ ಕ್ಲಾರಿನೆಟ್ ಒತ್ತಿದ್ರ ಅದು ಕುಣೀತೈತ್ರಿ. ಸುರ ನಿಲ್ಲಂಗಿಲ್ಲ. ನನಗ ಬ್ಯಾರೆ ಏನೂ ಬರೂದಿಲ್ಲರಿ ಮೇಡಂರಿ. ಎಂಟು ವರ್ಷದಾಂವ ಇದ್ದಾಗಿಂದ ಇದನ್ನ ಊದೇನಿ.’

ಸ್ಕ್ಯಾನ್ ಮಾಡಿಸಿದೆ. ಸಹನಾ ಹೋಳುಗಳನ್ನು ಒಂದೊಂದಾಗಿ ಪರದೆಗೆ ತಂದಳು. ಎಲುಬು ಬಹಳ ಕಿರಿದು. ತಿರುಗಿದ ಹಲ್ಲಿನ ಬೇರು ಆಗಲೇ ಮುಂದಿನ ಅಂಚಿಗೆ ಬಂದು ಕೂತಿತ್ತು. ಮುಂದೆ ಅರ್ಧ ಮಿಲಿಮೀಟರ್ ಸರಿಸಿದರೂ ರೇಣುಕಾಗೆ ಆದದ್ದೇ ಇವನಿಗೂ ಆಗುತ್ತಿತ್ತು. ಇವನಿಗೆ ಹೋಗುವುದು ಹಲ್ಲೊಂದೇ ಅಲ್ಲ. ಹಾಗೆಂದು ಒಂದು ಹಲ್ಲು ತೆಗೆಯುವಂತಿರಲಿಲ್ಲ, ತುಟಿ ಕೂರುವ ಅಂಚಿನ ಅಗಲ ಕಡಿಮೆಯಾಗುತ್ತಿತ್ತು. ಮುಂದೆ ತಂತಿ ಕಟ್ಟಿದರೆ ತುಟಿಗೆ ಗಾಯ, ಹಿಂದೆ ಕಟ್ಟಿದರೆ ನಾಲಿಗೆ ಆಡುವುದಿಲ್ಲ. ಉಳಿದದ್ದು ಒಂದೇ. ಹಲ್ಲು ಹಲ್ಲಿನ ನಡುವೆ ಹಾಳೆಯಷ್ಟು ತೆಳ್ಳಗೆ ಉಜ್ಜಿ ಜಾಗ ಮಾಡುವುದು. ಹಲ್ಲಿನ ಮೇಲೆ ಟೋಪಿಯಂತೆ ಕೂರುವ ಪಾರದರ್ಶಕ ಪ್ಲಾಸ್ಟಿಕ್ ಅಚ್ಚುಗಳನ್ನು ಹಾಕಿ, ಎರಡು ವಾರಕ್ಕೊಂದು ಬದಲಿಸುತ್ತ ಹಲ್ಲು ತಿರುಗಿಸುವುದು. ಬೇರುಗಳನ್ನು ಹಿಂದಕ್ಕೆ, ಎಲುಬಿನ ನಡುವಿಗೆ ತರುವುದು. ನುಡಿಸುವಾಗ ಅಚ್ಚು ತೆಗೆದಿಡಬಹುದು.

ಅಚ್ಚು ಮಾಡುವ ಕಂಪನಿಯಿಂದ ಕಂಪ್ಯೂಟರಿನ ಯೋಜನೆ ಬಂತು. ಪರದೆಯ ಮೇಲೆ ಹಲ್ಲುಗಳು ಚಂದವಾಗಿ ಜರುಗಿ ಸಾಲಾದವು. ಸಹನಾ ಖುಷಿಪಟ್ಟಳು. ನಾನು ಆ ಕೊನೆಯ ಸ್ಥಾನವನ್ನು ಸ್ಕ್ಯಾನಿನ ಹೋಳಿನ ಮೇಲೆ ಇಟ್ಟು ತೋರಿಸು ಎಂದೆ. ಇಟ್ಟಳು. ಎರಡು ಬೇರು ಎಲುಬಿನ ಹೊರಗಿದ್ದವು.

‘ಮೇಡಂ, ಇದು ಹಲ್ಲಷ್ಟ ನೋಡೇತಿ. ಎಲುಬು ನೋಡೇ ಇಲ್ಲ’ ಎಂದಳು.

‘ವಾಪಸ್ ಕಳಸು.’

ಎರಡನೇ, ಮೂರನೇ ಸಲ ಬಂದದ್ದೂ ಸರಿಯಿರಲಿಲ್ಲ. ಮೂರನೆಯದನ್ನು ವಾಪಸು ಕಳಿಸುವಾಗ ನಾನೇ ಕೂತು ಒಂದೊಂದು ಬೇರು ಎಲ್ಲಿಂದ ಎಲ್ಲಿಗೆ, ಎಷ್ಟು ಎಂದು ಬರೆದು ಕಳಿಸಿದೆ. ನಾಲ್ಕನೇ ಯೋಜನೆಯಲ್ಲಿ ನಾಲ್ಕೂ ಬೇರು ಎಲುಬಿನೊಳಗೆ ನಿಂತವು. ಆ ಸಂಜೆ ಇನಾಮದಾರ ಸರ್‌ಗೆ ಫೋನ್ ಮಾಡಿದೆ. ಎಂಬತ್ತು ದಾಟಿದ್ದರು. ಎಲ್ಲ ಕೇಳಿ, ‘ಯಂತ್ರಕ್ಕೂ ಮೂರು ಸಲ ತಿದ್ದಿಸಿದೇನ?’ ಎಂದು ನಕ್ಕರು.

ಮೊದಲ ಆರು ತಿಂಗಳು ಎಲ್ಲ ಲೆಕ್ಕದಂತೆಯೇ ನಡೆಯಿತು. ಆಮೇಲೆ ಮದುವೆಯ ಹಂಗಾಮು ಬಂತು. ಒಂದು ಶುಕ್ರವಾರ ಹೊಸ ಅಚ್ಚು ಕೂರಲೇ ಇಲ್ಲ. ಯಲ್ಲಪ್ಪ ನೆಲ ನೋಡುತ್ತಿದ್ದ.

‘ಅಚ್ಚು ಹಾಕೊಂಡಿಯೇನಪಾ?’

‘ಹಾಕೊಂಡೇನ್ರಿ.’

ಹಿಂದೆ ನಿಂತಿದ್ದ ನೀಲವ್ವನಿಗೆ ತಡೆಯಲಾಗಲಿಲ್ಲ. ‘ಸುಳ್ಳ ಹೇಳಾಕತ್ತಾನ್ರಿ! ಇಪ್ಪತ್ತು ದಿನ ಡಬ್ಬಿ ತಗದಿಲ್ಲ. ಬಾಜಾ ಮುಗಿಸಿ ಬಂದವನ ಬಿದ್ಕೋತಾನ. ನಾ ಹೇಳಿದ್ರ ನನ್ನ ಮ್ಯಾಲ ಹಾಯ್ತಾನ.’

ನನಗೆ ಸಿಟ್ಟು ಬಂತು. ಬೈಯಲಿಲ್ಲ. ಪರದೆಯನ್ನು ಅವನ ಕಡೆ ತಿರುಗಿಸಿ ಅವನದೇ ಹಲ್ಲಿನ ಹೋಳು ತೋರಿಸಿದೆ. ‘ಇದು ನಿನ್ನ ಬೇರು. ಇದು ಎಲುಬಿನ ಅಂಚು. ನಡುವ ಇರೋದು ಕಾಗದದಷ್ಟು ಜಾಗ. ನೀ ಒಂದು ದಿನ ಬಿಟ್ಟರ ಇದು ಮತ್ತ ಇತ್ತ ತಿರಗತೈತಿ. ಇನ್ನ ನೀ ಹೇಳು, ಬಿಡೂಣೋ ಮಾಡೂಣೋ?’

ಅವನು ಬಹಳ ಹೊತ್ತು ಆ ಚಿತ್ರ ನೋಡಿದ. ‘ಇದು ನನ್ನ ಒಳಗಿಂದು ಏನ್ರಿ?’ ಎಂದು ಕೇಳಿದ.

‘ನಿಂದ.’

‘ಇಷ್ಟ ಸಣ್ಣಂದರ ಮ್ಯಾಲ ಇಷ್ಟು ವರ್ಷ ಊದೇನೇನ್ರಿ ನಾ?’ ಅಚ್ಚಿನ ಡಬ್ಬಿ ತೆಗೆದು ನನ್ನ ಮುಂದಿಟ್ಟ. ‘ಮಾಡೂಣ್ರಿ ಮೇಡಂರಿ.’

ಹೊಸದಾಗಿ ಅಳತೆ ತೆಗೆದು ಮತ್ತೆ ಅಚ್ಚು ಮಾಡಿಸಿದೆವು. ಮೂರು ತಿಂಗಳು ಹಿಂದೆ ಬಿದ್ದೆವು. ಆದರೆ ಅಂದಿನಿಂದ ಅವನು ಒಂದು ದಿನವೂ ತಪ್ಪಿಸಲಿಲ್ಲ. ಪೆಟ್ಟಿಗೆಯಲ್ಲಿ ಕ್ಲಾರಿನೆಟ್ ಪಕ್ಕದಲ್ಲೇ ಅಚ್ಚಿನ ಡಬ್ಬಿ ಇರುತ್ತಿತ್ತು. ನುಡಿಸಿ ಮುಗಿದ ಕೂಡಲೇ ಮದುವೆ ಮನೆಯ ನಲ್ಲಿಯ ಕೆಳಗೆ ತೊಳೆದು ಹಾಕಿಕೊಳ್ಳುತ್ತಿದ್ದನಂತೆ. ಹಲ್ಲು ಜರುಗಿದಂತೆಲ್ಲ ತುಟಿಯ ಹಿಡಿತ ಬದಲಾಗುತ್ತಿತ್ತು, ಸುರ ಕೈತಪ್ಪುತ್ತಿತ್ತು. ಹೊಸ ಅಚ್ಚು ಹಾಕಿದ ವಾರವೆಲ್ಲ ಮನೆಯ ಮಾಳಿಗೆಯ ಮೇಲೆ ಕೂತು ಒಂದೇ ಸುರವನ್ನು ತಾಸುಗಟ್ಟಲೆ ಊದುತ್ತಾನೆ, ಓಣಿಯವರು ಬೈಯುತ್ತಿದ್ದಾರೆ ಎಂದು ನೀಲವ್ವ ನಗುತ್ತ ಹೇಳುತ್ತಿದ್ದಳು.

ಹತ್ತೊಂಬತ್ತು ತಿಂಗಳಿಗೆ ಕೆಲಸ ಮುಗಿಯಿತು. ಕೊನೆಯಲ್ಲಿ ಕೆಳಗಿನ ಮುಂಭಾಗಕ್ಕಷ್ಟೇ ಒಂದು ಸಣ್ಣ ಸ್ಕ್ಯಾನ್ ತೆಗೆಸಿದೆ. ಹೋಳು ಒಂದೊಂದಾಗಿ ಬಂದವು. ಒಂದು, ಎರಡು, ಮೂರು. ತಿರುಗಿದ್ದ ಹಲ್ಲಿನದು ಕೊನೆಗೆ. ಬೇರು ನಟ್ಟನಡುವೆ ನಿಂತಿತ್ತು. ಮುಂದೆ ತೆಳ್ಳಗೊಂದು ಬಿಳಿ ಗೆರೆ, ಹಿಂದೆಯೂ ಒಂದು ಬಿಳಿ ಗೆರೆ. ಸಹನಾ ಕುರ್ಚಿಯಿಂದ ಎದ್ದು ನನ್ನನ್ನು ತಬ್ಬಿಕೊಂಡಳು. ನಾನು ಆ ಬಿಳಿ ಗೆರೆಗಳನ್ನೇ ನೋಡುತ್ತ ಕೂತೆ. ಸನ್ಮಾನದ ಶಾಲು, ಹಾರ, ಅವು ಯಾವುವೂ ನನಗೆ ಅಷ್ಟು ಸುಖ ಕೊಟ್ಟಿರಲಿಲ್ಲ.

ಅದಾದ ಮುಂದಿನ ತಿಂಗಳು ನಾನು ಮುದ್ದೇಬಿಹಾಳದಲ್ಲಿ ಕೊನೆಯ ಸಲ ಪೇಷಂಟುಗಳನ್ನು ನೋಡಿ, ಅಲ್ಲಿನ ಕೆಲಸವನ್ನು ಸಹನಾಗೆ ಒಪ್ಪಿಸುವುದಿತ್ತು. ಬೆಳಿಗ್ಗೆ ಬಸ್ಸಿನಿಂದಿಳಿದು ನಡೆಯುತ್ತಿದ್ದರೆ ಬಜಾರಿನಲ್ಲಿ ದಾರಿ ಕಟ್ಟಿತ್ತು. ಮದುಮಗನನ್ನು ಹನುಮಪ್ಪನ ಗುಡಿಗೆ ಕರೆದೊಯ್ಯುವ ಮೆರವಣಿಗೆ. ನಾನೂ ಅಂಗಡಿಯ ಕಟ್ಟೆ ಹತ್ತಿ ನಿಂತೆ. ಢೋಲು ನಿಂತಿತು, ಉಳಿದ ವಾದ್ಯಗಳೂ ನಿಂತವು. ಒಂದೇ ಕ್ಲಾರಿನೆಟ್ ಉಳಿಯಿತು. ಕೆಂಪು ಕೋಟು ಹಾಕಿದ ಯಲ್ಲಪ್ಪ ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ಒಂದು ಸುರವನ್ನು ಮೇಲೆ ಎತ್ತಿ ಅಲ್ಲಿಯೇ ಹಿಡಿದ. ನಾನು ಮನಸ್ಸಿನಲ್ಲೇ ಎಣಿಸತೊಡಗಿ ಎಲ್ಲಿಯೋ ತಪ್ಪಿಸಿಕೊಂಡೆ. ಅವನು ಬಿಡಲೇ ಇಲ್ಲ. ಮದುಮಗ ಕುದುರೆಯ ಮೇಲಿಂದ ಬಗ್ಗಿ ನೋಡುತ್ತಿದ್ದ. ಬಾಳೆಹಣ್ಣು ಮಾರುವವಳು ತಕ್ಕಡಿ ಕೆಳಗಿಟ್ಟಳು. ಸುರ ಕೊನೆಗೂ ಇಳಿದು ಬೇರೆ ದಾರಿ ಹಿಡಿದಾಗ ಇಡೀ ಬಜಾರು ಹೋ ಎಂದಿತು.

ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಹೆಂಗಸು ನನ್ನ ಕಣ್ಣು ಒರೆಸಿಕೊಳ್ಳುವುದನ್ನು ನೋಡಿ, ‘ಅಂವ ನಿಮಗ ಗುರುತೇನ್ರಿ?’ ಎಂದು ಕೇಳಿದಳು.

‘ಹೌದ್ರಿ ಅಕ್ಕಾರ’ ಎಂದೆ, ‘ಭಾಳ ಒಳಗಿಂದ ಗುರುತು.’